ತೋಫು ಅಂಗಡಿಯ ಹಿಂಬಾಗಿಲಿಗೆ ಅಜ್ಜ ಇಟ್ಟ ಕುಂಕುಮ

ಮೊದಲೇ ಹೇಳಿಬಿಡುತ್ತೇನೆ, ನಾನು ಚೀನಾದಲ್ಲಿ ಹಾವು ತಿಂದಿಲ್ಲ. ತಿಂದೆ ಅಂತ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನಕ್ಕಾದರೂ ಹೇಳಿದ್ದೇನೆ. ಒಬ್ಬನಿಗಂತೂ ರುಚಿಯನ್ನೂ ವರ್ಣಿಸಿದ್ದೇನೆ: ನುಗ್ಗೇಕಾಯಿಯ ಥರ, ನಾರು ಸ್ವಲ್ಪ ಜಾಸ್ತಿ. ಮಹಾಗೋಡೆಯ ಮೇಲೆ ಓಡಿಯೂ ಇಲ್ಲ. ಅದು ನಾವು ಹೋದ ಊರಿನಿಂದ ಎಷ್ಟು ದೂರ ಅನ್ನುವುದೇ ನನಗೆ ಗೊತ್ತಿಲ್ಲ. ಕುಂಗ್‌ಫೂ ಗುರುವೊಬ್ಬ ನನ್ನ ಕೈ ಹಿಡಿದು ನೋಡಿ ತಲೆಯಾಡಿಸಿದ ಅನ್ನುವುದೂ ಸುಳ್ಳು. ಕೈ ಹಿಡಿದವನು ಮೆಟ್ರೋ ಸ್ಟೇಷನ್ನಿನ ಕಾವಲುಗಾರ. ಹತ್ತುವ ಎಸ್ಕಲೇಟರಿನಲ್ಲಿ ನಾನು ಇಳಿಯುತ್ತಿದ್ದೆ, ಅದಕ್ಕೆ ಹಿಡಿದ.

ಇಷ್ಟು ಒಪ್ಪಿಕೊಂಡ ಮೇಲೆ ಹಗುರಾಗಬೇಕಿತ್ತು, ಆಗಲಿಲ್ಲ. ಇವೆಲ್ಲ ಚಿಲ್ಲರೆ ಸುಳ್ಳುಗಳು. ಹೇಳಿದವನಿಗೂ ಖುಷಿ, ಕೇಳಿದವನಿಗೂ ಖುಷಿ. ಒಂದು ಸುಳ್ಳು ಮಾತ್ರ ಬೇರೆ ಥರದ್ದು. ಅದನ್ನು ನಾನು ನನ್ನ ಅಜ್ಜನಿಗೆ ಹೇಳಿದೆ, ಅದೂ ಒಂದು ಊರನ್ನು ಆರಿಸುವ ವಿಷಯದಲ್ಲಿ.

ಮಾರಿಕಣಿವೆ

ನನ್ನ ಅಕ್ಕ ಸುಮಾ ಚೀನಾದ ಸುಝೌ ಅನ್ನುವ ಊರಿನಲ್ಲಿ ಡಾಕ್ಟರಿಕೆ ಓದಿದಳು. ಓದು ಮುಗಿದು ಕರಿ ಗೌನು ಹಾಕಿಕೊಳ್ಳುವ ದಿನಕ್ಕೆ ಮನೆಯಿಂದ ಇಬ್ಬರು ಬರಬಹುದು ಅಂದಳು. ಅಪ್ಪ, ಅಮ್ಮನೇ ಹೊರಡಬೇಕಿತ್ತು. ಆದರೆ ಅಪ್ಪನಿಗೆ ಆಧಾರಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಹೆಸರು, ಪಹಣಿಯಲ್ಲಿ ಮತ್ತೊಂದು. ಮೂರು ಜನ ಒಂದೇ ಪಾಸ್‌ಪೋರ್ಟಿನಲ್ಲಿ ಹೋಗಲು ಬರುವುದಿಲ್ಲ. ಅಪ್ಪ ಇಲ್ಲದೆ ಅಮ್ಮ ಹೊರಡಲಿಲ್ಲ. ನಮ್ಮ ಇಡೀ ವಂಶದಲ್ಲಿ ಎಲ್ಲ ಕಾಗದದಲ್ಲೂ ಒಂದೇ ಹೆಸರಿರುವ ಮನುಷ್ಯ ಅಂದರೆ ಅಮ್ಮನ ಅಪ್ಪ, ಮಾರಿಕಣಿವೆಯ ಓಬಳಪ್ಪಜ್ಜ. ಅಜ್ಜನ ಪಾಸ್‌ಪೋರ್ಟು ಕೇಳಿದ ಕೂಡಲೇ ಬಂತು. ಜೊತೆಗೆ ಯಾರು? ಇಂಗ್ಲಿಷು ಬಲ್ಲ, ಫೋನು ಬಲ್ಲ, 'ಚೀನೀ ಭಾಷೆನೂ ಕಲ್ತಿದೀನಿ' ಅಂತ ಮನೆಯಲ್ಲಿ ಆರು ತಿಂಗಳಿಂದ ಕೊಚ್ಚಿಕೊಳ್ಳುತ್ತಿದ್ದ ಮೊಮ್ಮಗ, ನಾನು. ನನಗೆ ಬರುತ್ತಿದ್ದದ್ದು ಎರಡು ಮಾತು. ಒಂದು ನಮಸ್ಕಾರ, ಇನ್ನೊಂದು ಥ್ಯಾಂಕ್ಸ್.

ಅಜ್ಜ ಮಾರಿಕಣಿವೆ ಡ್ಯಾಮಿನ ಕಾಲುವೆಯ ನೀರಗಂಟಿಯಾಗಿದ್ದವನು. ತೂಬಿನ ಗೇಟು ತೆಗೆಯುವುದು, ಮುಚ್ಚುವುದು, ಯಾರ ಹೊಲಕ್ಕೆ ಯಾವ ಹೊತ್ತಿಗೆ ನೀರು ಅಂತ ಪಾಳಿ ನೋಡಿಕೊಳ್ಳುವುದು, ಇದು ಕೆಲಸ. ಗೇಟಿನ ಹತ್ತಿರ ಇರುವವನಿಗೆ ನೀರು ಕಣ್ಣಿಗೇ ಕಾಣುತ್ತದೆ. ಕಾಲುವೆಯ ಕೊನೆಯಲ್ಲಿ ಹೊಲ ಇರುವವನಿಗೆ ಕಾಣುವುದಿಲ್ಲ. ಅವನು ಕೇಳಬೇಕು, ನೀರಗಂಟಿ ಹೇಳಬೇಕು. ಕಾಲುವೆ ಏರಿಯ ಮೇಲೆ ಅಜ್ಜ ಚಪ್ಪಲಿ ಹಾಕಿದ್ದನ್ನು ಯಾರೂ ಕಂಡಿಲ್ಲ. ನೀರು ಬಿಡುವ ಮುಂಚೆ ಗೇಟಿಗೆ ಕುಂಕುಮ, ಒಂದು ಹೂ. ಆಮೇಲೇ ಚಾವಿ.

ಆ ಚಾವಿ ನೋಡಿ ಚಾವಿ ಅನ್ನಲು ಧೈರ್ಯ ಬೇಕು. ಮೊಳದುದ್ದದ ಕಬ್ಬಿಣದ ಸರಳು, ತಲೆಗೆ ಅಡ್ಡಲಾಗಿ ಎರಡೂ ಕೈಯಲ್ಲಿ ಹಿಡಿಯುವ ಹಿಡಿ. ಗೇಟುಗಳನ್ನು ಬದಲಾಯಿಸಿದ ಮೇಲೆ ಅದು ಯಾವುದಕ್ಕೂ ಹೊಂದುವುದಿಲ್ಲ. ರಿಟೈರಾದ ದಿನ 'ನೀನೇ ಇಟ್ಕೊಳ್ಳಪ್ಪ' ಅಂತ ಅಜ್ಜನಿಗೇ ಕೊಟ್ಟಿದ್ದರು. ಹಿಡಿದು ಹಿಡಿದು ಹಿಡಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಹೊರಡುವ ದಿನ ಅಜ್ಜ ಅದನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದ.

"ಅಜ್ಜ, ಅದ್ಯಾಕೆ?"

"ಸುಮ ಹೇಳ್ತಿದ್ಲು, ಅಲ್ಲಿ ಊರ್ ತುಂಬ ಕಾಲ್ವೆ ಐತಂತೆ. ಮನೆ ಮುಂದೆ ಕಾಲ್ವೆ, ಮನೆ ಹಿಂದೆ ಕಾಲ್ವೆ. ಅಷ್ಟು ಕಾಲ್ವೆ ಐತೆ ಅಂದ್ರೆ ಒಬ್ಬ ನೀರಗಂಟಿ ಇರ್ಲೇಬೇಕಲ್ಲಲೇ. ಅವ್ನಿಗ್ ತೋರುಸ್ತೀನಿ. ನಮ್ಮದು ಹಿಂಗಿತ್ತಪ್ಪ, ನಿಮ್ದು ಹೆಂಗೈತೆ ಅಂತ ಕೇಳ್ತೀನಿ."

"ಯಾವ ಭಾಷೇಲಿ ಕೇಳ್ತೀಯ?"

"ನೀನಿದೀಯಲ್ಲ."

ಬೆಂಗಳೂರು ಏರ್‌ಪೋರ್ಟು

'ಕೈಬ್ಯಾಗಾಗೇ ಇಟ್ಕೋ ಅಜ್ಜ, ಏನೂ ಆಗಲ್ಲ, ನಂಗೆ ಎಲ್ಲ ಗೊತ್ತು' ಅಂದವನು ನಾನೇ. ಬ್ಯಾಗು ಮಿಷನ್ನಿನೊಳಗೆ ಹೋಯಿತು, ಬೆಲ್ಟು ನಿಂತಿತು. ಇಪ್ಪತ್ತು ಜನ ಬಂದೂಕುಧಾರಿಗಳು ನಮ್ಮನ್ನು ಸುತ್ತುವರಿದರು. ಸರಿ, ಇಬ್ಬರು. ಸರಿ, ಒಬ್ಬಳೇ ಹುಡುಗಿ, ಅವಳ ಕೈಯಲ್ಲಿ ವಾಕಿಟಾಕಿ.

"ಏನ್ ಸಾರ್ ಇದು?"

"ಗೇಟಿನ್ ಚಾವಿ ಕಣಮ್ಮ."

"ಯಾವ ಗೇಟು?" ಅವಳು ವಿಮಾನ ಹತ್ತುವ ಗೇಟಿನ ಕಡೆ ಒಮ್ಮೆ ನೋಡಿದಳು.

"ಹಿರಿಯೂರ್ ಕಡೀದು," ಅಂದ ಅಜ್ಜ, ಅಷ್ಟು ಹೇಳಿದರೆ ಸಾಕು ಅನ್ನುವ ಹಾಗೆ.

ವಾಪಸ್ ಓಡಿ, ಕೌಂಟರಿನವರ ಕೈಕಾಲು ಹಿಡಿದು, ಅದನ್ನು ಲಗೇಜಿಗೆ ಹಾಕಿಸಿ, ಮತ್ತೆ ಸಾಲಿನಲ್ಲಿ ನಿಂತು, ಕೊನೆಯವರಾಗಿ ವಿಮಾನ ಹತ್ತಿದೆವು. ಅಜ್ಜ ಒಂದು ಮಾತೂ ಬೈಯಲಿಲ್ಲ. 'ನಿಂಗೂ ಮೊದಲ್ನೇ ಸಲ ಅಲ್ಲೇನಪ್ಪ' ಅಂದ. ನಾನು ಮುಖ ಕಿಟಕಿಗೆ ತಿರುಗಿಸಿದೆ. ಆ ಪ್ರವಾಸದಲ್ಲಿ ಅಜ್ಜ ನನ್ನ ಮಾತು ನಂಬಿ ಕೆಟ್ಟದ್ದು ಅದು ಮೊದಲನೆಯ ಸಲ.

ಸುಝೌ

ಅಕ್ಕನ ಸಮಾರಂಭ ಚೆನ್ನಾಗಿಯೇ ಆಯಿತು. ಅವಳು ಕರಿ ಗೌನಿನಲ್ಲಿ ವಕೀಲೆಯ ಹಾಗೆ ಕಂಡಳು. ಗೆಳತಿಯರು ಅವಳ ಕೈಗೆ ಹೂವಿನ ಗೊಂಚಲು ಕೊಟ್ಟರು. ನೋಡಿದರೆ ಎಲ್ಲ ಸೂರ್ಯಕಾಂತಿ.

"ಇದನ್ನ ಹಿಂಗೆ ಕೈಗ್ ಕೊಡ್ತಾರೇನಮ್ಮ? ನಾವು ಎಣ್ಣೆಗ್ ಹಾಕ್ತೀವಿ," ಅಂದ ಅಜ್ಜ. ಆದರೂ ಅದರಲ್ಲಿ ಎಲ್ಲಕ್ಕಿಂತ ಸಣ್ಣ ಹೂವೊಂದನ್ನು ಕೇಳಿ ಇಸ್ಕೊಂಡು, ಒದ್ದೆ ಕಾಗದದಲ್ಲಿ ಸುತ್ತಿ ಇಟ್ಟುಕೊಂಡ. ಯಾಕೆ ಅಂತ ಯಾರೂ ಕೇಳಲಿಲ್ಲ.

ನಮಗೆ ಉಳಿದದ್ದು ಒಂದೇ ದಿನ. ಮರುದಿನ ವಿಮಾನ. ಆ ಒಂದು ದಿನ ಅಕ್ಕನಿಗೆ ಆಸ್ಪತ್ರೆ ಡ್ಯೂಟಿ. ಸುತ್ತಮುತ್ತ ಹಳೇ ಕಾಲುವೆ ಊರುಗಳು ಬೇಕಾದಷ್ಟಿವೆ, ಒಂದು ಆರಿಸಿಕೊಂಡು ಬಸ್ಸಿನಲ್ಲಿ ಹೋಗಿ ಬನ್ನಿ ಅಂತ ಹೇಳಿ ಅವಳು ಬೆಳಗ್ಗೆ ಬೇಗನೆ ಹೊರಟಳು. ಊರುಗಳ ಪಟ್ಟಿಯನ್ನು ನನ್ನ ಫೋನಿಗೆ ಕಳಿಸಿದಳು. ಆ ಮೆಸೇಜು ಇನ್ನೂ ನನ್ನ ಹತ್ತಿರ ಇದೆ, ಅಳಿಸಿಲ್ಲ.

ಮೊದಲನೆಯದು ಝೌಝುವಾಂಗ್. ಜನ ಜಾಸ್ತಿ, ಅಂಗಡಿ ಜಾಸ್ತಿ, ಆಕಾಶಬುಟ್ಟಿ, ಕಲ್ಲಿನ ಸೇತುವೆ, ಫೋಟೋಕ್ಕೆ ಚೆನ್ನಾಗಿರುತ್ತೆ. ಎರಡನೆಯದು ತೊಂಗ್ಲಿ. ಹಳೇ ಕಾಲದ ತೋಟಗಳಿವೆ. ಮೂರನೆಯದು ಒಂದು ಸಣ್ಣ ಊರು. ಅದರ ಎದುರು ಅಕ್ಕ ಬರೆದಿದ್ದಳು: 'ನೋಡೋಕೆ ಏನಿಲ್ಲ. ಆದ್ರೆ ನೀರಿನ ಗೇಟು ಇದೆ, ಈಗಲೂ ಕೈಯಲ್ಲೇ ತಿರುಗಿಸ್ತಾರೆ, ಒಬ್ಬ ತಾತ ನೋಡ್ಕೊಳ್ತಾನೆ. ನಮ್ಮ ಕಾಲೇಜಿಂದ ಹೋಗಿದ್ವಿ. ಅಜ್ಜಂಗೆ ಇದೇ ಸರಿ. ಇದಕ್ಕೇ ಕರ್ಕೊಂಡು ಹೋಗು.'

ನಾನು ಫೋನಿನಲ್ಲಿ ಮೂರೂ ಊರಿನ ಚಿತ್ರ ನೋಡಿದೆ. ಝೌಝುವಾಂಗ್ ಹುಡುಕಿದರೆ ಸಾವಿರ ಚಿತ್ರ ಬಂತು. ನೀರಿನಲ್ಲಿ ಕೆಂಪು ಬುಟ್ಟಿಗಳ ನೆರಳು, ರೇಷ್ಮೆ ಉಟ್ಟ ಹುಡುಗಿಯರು. ಮೂರನೆಯ ಊರಿಗೆ ಒಂದು ಚಿತ್ರ ಬಂತು. ಸಿಮೆಂಟಿನ ಕಟ್ಟೆ, ಕಬ್ಬಿಣದ ಚಕ್ರ, ಪಕ್ಕದಲ್ಲಿ ಒಂದು ಸೈಕಲ್ಲು. ಇದನ್ನು ನೋಡಲು ಮಾರಿಕಣಿವೆಯಿಂದ ಚೀನಾಕ್ಕೆ ಬರಬೇಕೇ? ಹೊಸದುರ್ಗದ ಹುಡುಗರ ಗ್ರೂಪಿನಲ್ಲಿ ಇದನ್ನು ಹಾಕಿದರೆ 'ಹಿರಿಯೂರಾಗೆ ಇಳ್ಕಂಡ್ಯೇನಲೇ' ಅನ್ನುವುದಿಲ್ಲವೇ?

ಅಜ್ಜ ಹೊಸ ಪಂಚೆ ಉಟ್ಟು ಕೂತಿದ್ದ. ಹೆಗಲಿಗೆ ಬ್ಯಾಗು.

"ಎಲ್ಲಿಗಂತೆ ಹೋಗೋದು?"

"ಮೂರು ಊರು ಕೊಟ್ಟವ್ಳೆ ಅಜ್ಜ. ಒಂದ್ರಾಗೆ ತೋಟ."

"ತೋಟ ನಮ್ಮೂರಾಗೇ ಐತೆ, ಬಿಡು. ನೀರಗಂಟಿ ಇರೋದು ಯಾವ್ದು?"

"ಝೌಝುವಾಂಗು," ಅಂದೆ.

ಬಾಯಿಂದ ಬಂದುಬಿಟ್ಟಿತು ಅಂತ ಬರೆಯಬಹುದಿತ್ತು. ಬಂದುಬಿಡಲಿಲ್ಲ. ಯೋಚನೆ ಮಾಡಿಯೇ ಹೇಳಿದೆ.

"ಸುಮನೇ ಹೇಳಿದ್ಲಾ?"

"ಹೂಂ, ಮೆಸೇಜಾಗ್ ಬರ್ದವ್ಳೆ."

"ಹಂಗಾರೆ ಹೋಗಾಣ," ಅಂತ ಅಜ್ಜ ಎದ್ದ.

ಝೌಝುವಾಂಗ್, ದೋಣಿ

ಊರಿನೊಳಗೆ ಹೋಗುತ್ತಿದ್ದಂತೆ ಮೊದಲು ಕಂಡದ್ದು ಕಾಲುವೆಯಲ್ಲ, ಹಂದಿಯ ಕಾಲು. ಕಂದು ಬಣ್ಣಕ್ಕೆ ಬೇಯಿಸಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದ ಇಡಿಯಿಡೀ ಕಾಲುಗಳು, ಅಂಗಡಿ ಅಂಗಡಿಯಲ್ಲಿ ಗುಡ್ಡೆ. ಅಜ್ಜ ಮೂರು ಅಂಗಡಿ ಎಣಿಸಿ ನಿಂತ. 'ಇಷ್ಟು ಕಾಲು ಇಲ್ಲಿ. ಉಳಿದ ಹಂದಿ ಎಲ್ಲಿ?' ಅಂದ.

ಆಮೇಲೆ ಕಾಲುವೆ ಕಂಡಿತು. ಅದು ಚೆಂದ ಅನ್ನುವುದನ್ನು ಒಪ್ಪಿಕೊಳ್ಳಬೇಕು, ಇಲ್ಲಿ ಸುಳ್ಳು ಸೇರಿಸಿಲ್ಲ. ನಮ್ಮಲ್ಲಿ ಮನೆಗೆ ಬೀದಿ ಇರುವ ಹಾಗೆ ಅಲ್ಲಿ ಮನೆಗೆ ನೀರು. ಪ್ರತಿ ಮನೆಯಿಂದ ನೀರಿಗೆ ಇಳಿಯುವ ಕಲ್ಲು ಮೆಟ್ಟಿಲು, ದೋಣಿ ಕಟ್ಟಲು ಗೋಡೆಯಲ್ಲೇ ಕೊರೆದ ಕಲ್ಲಿನ ಬಳೆ. ಒಬ್ಬಾಕೆ ಮೆಟ್ಟಿಲಿನಲ್ಲಿ ಕೂತು ಸೊಪ್ಪು ತೊಳೆಯುತ್ತಿದ್ದಳು. ಎದುರು ಮನೆಯವಳು ನೀರಿನ ಆಚೆಯಿಂದ ಅವಳಿಗೆ ಏನೋ ಕೂಗಿ ಹೇಳುತ್ತಿದ್ದಳು. ಭಾಷೆ ತಿಳಿಯದಿದ್ದರೂ ಅದು ಮೂರನೆಯವಳ ವಿಷಯ ಅಂತ ನನಗೂ ತಿಳಿಯಿತು.

"ಮನೆ ಬಾಗ್ಲಿಗೇ ಕಾಲ್ವೆ," ಅಂತ ಅಜ್ಜ ಬೆರಗಾದ. "ನಮ್ಮಲ್ಲಿ ಹಿಂಗ್ ಬಂದಿದ್ರೆ ದಿನಾ ಪೊಲೀಸ್ ಕೇಸೇ." ಅಷ್ಟು ಹೇಳಿ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡ. ಕಾಲುವೆ ಏರಿಯ ಮೇಲೆ ಚಪ್ಪಲಿ ಹಾಕಬಾರದಲ್ಲ. ಆ ಊರಿನಲ್ಲಿ ಕಾಲುವೆ ಏರಿ ಅಲ್ಲದ ಜಾಗವೇ ಇಲ್ಲ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅಜ್ಜ ಇಡೀ ದಿನ ಬರಿಗಾಲಲ್ಲಿ ನಡೆದ. ನಾನು ಆರು ಹೆಜ್ಜೆ ಹಿಂದೆ ನಡೆದೆ, ಬೇರೆಯವರ ಮೊಮ್ಮಗನ ಹಾಗೆ.

ದೋಣಿ ಹತ್ತಿದೆವು. ನಡೆಸುವವಳು ನೀಲಿ ಬಟ್ಟೆ ಉಟ್ಟು ತಲೆಗೆ ಅದೇ ಬಟ್ಟೆ ಕಟ್ಟಿದ ನಡುವಯಸ್ಸಿನ ಹೆಂಗಸು. ಹಿಂದೆ ನಿಂತುಕೊಂಡು ಒಂದೇ ಹುಟ್ಟನ್ನು ಅತ್ತ ಇತ್ತ ತಿರುವುತ್ತ ಹಾಡು ಹೇಳುತ್ತಿದ್ದಳು. ಮಾರಿಕಣಿವೆಯಲ್ಲಿ ಮೀನು ಹಿಡಿಯುವವರು ಹರಿಗೋಲಿನಲ್ಲಿ ಗಿರಗಿರ ತಿರುಗುವುದನ್ನು ಕಂಡಿದ್ದ ಅಜ್ಜನಿಗೆ ಈ ದೋಣಿ ನೆಟ್ಟಗೆ ಹೋಗುವುದೇ ಅತಿಶಯ. ಅಜ್ಜ ಬಗ್ಗಿ ನೀರಿಗೆ ಕೈ ಇಟ್ಟ. ಹಾಗೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದ.

"ನೀರು ಸರೀತಾನೇ ಇಲ್ವಲ್ಲಲೇ. ಇದು ಯಾವ್ ಹೊಲಕ್ ಹೋಗ್ತೈತೆ, ಆಯಮ್ಮುನ್ನ ಕೇಳು."

ನಾನು ದೋಣಿಯವಳ ಕಡೆ ತಿರುಗಿ, ನನಗೆ ಬರುತ್ತಿದ್ದ ಎರಡೂ ಚೀನೀ ಮಾತನ್ನು ಬೇರೆ ಬೇರೆ ರಾಗದಲ್ಲಿ ನಾಲ್ಕು ಸಲ ಹೇಳಿದೆ. ಅವಳು ನಕ್ಕು ಏನೋ ಅಂದಳು.

"ಬತ್ತದ್ ಗದ್ದೆಗೆ ಹೋಗ್ತೈತಂತೆ ಅಜ್ಜ. ಇವತ್ತು ಗೇಟ್ ಮುಚ್ಚೈತಂತೆ, ಅದಕ್ಕೆ ನಿಂತೈತೆ."

"ಹಂಗನ್ನು. ಪಾಳಿ ಇರ್ಬೇಕು," ಅಂತ ಅಜ್ಜ ಸಮಾಧಾನದಿಂದ ಹಿಂದಕ್ಕೆ ಒರಗಿದ. ಒರಗುವಾಗ ಒಂದು ಚಪ್ಪಲಿ ನೀರಿಗೆ ಬಿತ್ತು. ರೇಷ್ಮೆ ಉಟ್ಟ ಹುಡುಗಿಯರ ದೋಣಿ, ಆಮೇಲೆ ಅಜ್ಜನ ಚಪ್ಪಲಿ, ಆಮೇಲೆ ನಮ್ಮ ದೋಣಿ, ಹೀಗೆ ಮೂರು ಸಾಲಾಗಿ ಸೇತುವೆಯ ಕೆಳಗೆ ಹೊರಟವು. ಕಸ ತೆಗೆಯುವ ದೋಣಿಯವನೊಬ್ಬ ಉದ್ದ ಕೋಲಿನ ಬಲೆಯಲ್ಲಿ ಚಪ್ಪಲಿ ಎತ್ತಿ, ಎರಡೂ ಕೈಯಲ್ಲಿ ಅಜ್ಜನಿಗೆ ಕೊಟ್ಟ. ಸೇತುವೆಯ ಮೇಲಿದ್ದ ನೂರು ಜನ ಚಪ್ಪಾಳೆ ಹೊಡೆದರು. ಹದಿನೈದು ಜನ ಇರಬಹುದು. ನಾನು ಎಲ್ಲವನ್ನೂ ಫೋನಿನಲ್ಲಿ ಹಿಡಿದು ಗ್ರೂಪಿಗೆ ಕಳಿಸಿದೆ. ಒಂದು ನಿಮಿಷದಲ್ಲಿ ಹೊಸದುರ್ಗ ಬಿದ್ದು ಬಿದ್ದು ನಕ್ಕಿತು. 'ಇನ್ನೂ ಹಾಕಲೇ' ಅಂತ ಬಂತು.

ಝೌಝುವಾಂಗ್, ಹಿಂಬಾಗಿಲು

ಮಧ್ಯಾಹ್ನ ಆಯಿತು. ಅಜ್ಜ ಬರಿಗಾಲಲ್ಲಿ ಹನ್ನೊಂದು ಸೇತುವೆ ಹತ್ತಿ ಇಳಿದಿದ್ದ. ಪ್ರತಿ ಸೇತುವೆಯ ನೆತ್ತಿಯಲ್ಲಿ ನಿಂತು ಎರಡೂ ಕಡೆ ನೋಡುವುದು, 'ಗೇಟು ಎಲ್ಲೈತಲೇ?' ಅನ್ನುವುದು. ನಾನು 'ಮುಂದೆ ಅಜ್ಜ' ಅನ್ನುವುದು. ಅಜ್ಜನ ಪಾದ ಕೆಂಪಾಗಿತ್ತು. ಆದರೂ ಮುಂದೆ ಅಂದ ಕೂಡಲೇ ನಡೆಯುತ್ತಿದ್ದ.

ಆಗಲಾದರೂ ಹೇಳಬಹುದಿತ್ತು. 'ಅಜ್ಜ, ತಪ್ಪಾಯ್ತು, ಗೇಟು ಇಲ್ಲಿಲ್ಲ' ಅಂದಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ನಾನು ಮಾಡಿದ್ದು ಬೇರೆ. ಜನ ಇಲ್ಲದ ಒಂದು ಓಣಿಯ ಕೊನೆಯಲ್ಲಿ, ನೀರಿಗೆ ಅಂಟಿಕೊಂಡ ಗೋಡೆಯಲ್ಲಿ, ದಪ್ಪ ಹಲಗೆಯ ಹಳೇ ಬಾಗಿಲೊಂದು ಕಂಡಿತು. ಅದಕ್ಕೆ ಎರಡು ಕಬ್ಬಿಣದ ಬಳೆ ಇದ್ದವು. ಒಳಗಿಂದ ಕೊಳೆತ ಕಾಲುಚೀಲದಂಥ ವಾಸನೆ. ಮುಂದಿನ ಬೀದಿಯಲ್ಲಿ ಅದೇ ವಾಸನೆಯ ತೋಫು, ಅಂದರೆ ಸೋಯಾ ಹಾಲಿನ ಗಟ್ಟಿ, ಕರಿಯುತ್ತಿದ್ದ ಅಂಗಡಿಯನ್ನು ನಾನು ನೋಡಿದ್ದೆ. ಇದು ಅದರ ಹಿಂಬಾಗಿಲು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

"ಇದೇ ಅಜ್ಜ," ಅಂದೆ.

ಅಜ್ಜ ನಿಂತ. ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. "ಮರದ್ದು," ಅಂದ. "ನಮ್ಮಲ್ಲೂ ಮೊದ್ಲು ಮರದ್ದೇ ಇತ್ತಂತೆ, ನಮ್ಮಪ್ಪ ಹೇಳ್ತಿದ್ದ." ಚಪ್ಪಲಿ ಕೆಳಗಿಟ್ಟ. ಮೆಟ್ಟಿಲಿಳಿದು ಕಾಲುವೆಯ ನೀರಿನಲ್ಲಿ ಕೈ ತೊಳೆದ. ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು ಹಲಗೆಗೆ ಮೂರು ಬೊಟ್ಟು ಇಟ್ಟ. ಒದ್ದೆ ಕಾಗದ ಬಿಚ್ಚಿ ಅಕ್ಕನ ಗೊಂಚಲಿನ ಸೂರ್ಯಕಾಂತಿಯನ್ನು ಬಳೆಗೆ ಸಿಕ್ಕಿಸಿದ. ಕೈ ಮುಗಿದು ಕಣ್ಣು ಮುಚ್ಚಿದ.

ನಾನು ಹಿಂದೆ ನಿಂತು ವಿಡಿಯೋ ಮಾಡುತ್ತಿದ್ದೆ. ಫೋನಿನ ಹತ್ತಿರ ಬಾಯಿ ತಂದು ಮೆಲ್ಲಗೆ ಹೇಳಿದೆ, ಆ ಮಾತು ಈಗಲೂ ಅದರಲ್ಲಿದೆ: "ಲೇ ಹುಡುಗ್ರಾ, ಇದು ಗೇಟಲ್ಲ. ತೋಫು ಅಂಗ್ಡಿ ಹಿಂದ್ಲ ಬಾಗ್ಲು. ಅಜ್ಜುಂಗ್ ಹೇಳ್ಬ್ಯಾಡ್ರಿ."

ಬಾಗಿಲು ತೆರೆಯಿತು. ಏಪ್ರನ್ನು ಕಟ್ಟಿದ ಒಬ್ಬ ಮುದುಕಿ, ಕೈಯಲ್ಲಿ ಖಾಲಿ ತಟ್ಟೆ. ಎದುರಿಗೆ ಕೈ ಮುಗಿದು ನಿಂತ ಪಂಚೆಯ ಮನುಷ್ಯ, ಬಾಗಿಲಿಗೆ ಕೆಂಪು ಬೊಟ್ಟು, ಬಳೆಯಲ್ಲಿ ಹೂ. ಅವಳು ಬೊಟ್ಟು ನೋಡಿದಳು, ಅಜ್ಜನ ಪಾದ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ನಾನು ಫೋನು ಕೆಳಗಿಳಿಸಿದೆ.

"ನಮಸ್ಕಾರ ತಾಯಿ," ಅಂದ ಅಜ್ಜ, ಹಿರಿಯೂರಿನವರ ಹತ್ತಿರ ಮಾತಾಡುವ ಹಾಗೇ. "ನಾನೂ ನೀರಗಂಟಿ. ಮಾರಿಕಣಿವೆ. ಯಜಮಾನ್ರು ಅವ್ರಾ?"

ಅವಳು ಏನೋ ಕೇಳಿದಳು. ಅಜ್ಜ ನನ್ನ ಕಡೆ ತಿರುಗಿದ.

"ಯಜಮಾನ್ರು ಡ್ಯೂಟಿಗ್ ಹೋಗವ್ರಂತೆ," ಅಂದೆ.

ಅಜ್ಜ ಬ್ಯಾಗಿನಿಂದ ಟವೆಲ್ಲು ತೆಗೆದು ಬಿಚ್ಚಿದ. ಚಾವಿಯನ್ನು ಪಂಚೆಯ ಅಂಚಿನಲ್ಲಿ ಒಮ್ಮೆ ಒರೆಸಿದ. ತೋರಿಸಿ ವಾಪಸ್ ಇಟ್ಟುಕೊಳ್ಳುತ್ತಾನೆ ಅಂದುಕೊಂಡಿದ್ದೆ. "ಅವ್ರು ಸಿಗ್ಲಿಲ್ಲ. ನಾನು ಇನ್ನೊಂದ್ ಸಲ ಬರೋನಲ್ಲ. ಇದನ್ನ ಅವ್ರಿಗೆ ಕೊಡು ತಾಯಿ. ನಮ್ಮಲ್ಲಿ ಇದುಕ್ಕೆ ಕೆಲ್ಸ ಇಲ್ಲ. ನಿಮ್ಮಲ್ಲಿ ಗೇಟ್ ಇನ್ನೂ ಹಳೇದೈತೆ, ಹತ್ರ ಇರ್ಲಿ," ಅಂತ ಅವಳ ಮುಂದೆ ಹಿಡಿದ.

'ಅಜ್ಜ ಬ್ಯಾಡ' ಅನ್ನಬಹುದಿತ್ತು. ಅದನ್ನು ಹೇಳಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಫೋನನ್ನು ಜೇಬಿಗೆ ಹಾಕಿಕೊಂಡೆ.

ಮುದುಕಿ ತಟ್ಟೆ ಕೆಳಗಿಟ್ಟಳು. ಏಪ್ರನ್ನಿಗೆ ಕೈ ಒರೆಸಿಕೊಂಡಳು. ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಚಾವಿ ಇಸ್ಕೊಂಡಳು. ಯಾಕೆ, ಏನು ಅಂತ ಅವಳಿಗೆ ತಿಳಿಯುವುದು ಸಾಧ್ಯವೇ ಇರಲಿಲ್ಲ. ಕೊಡುವವನ ಮುಖ ನೋಡಿ ಇಸ್ಕೊಂಡಳು ಅಷ್ಟೆ. ಒಳಗೆ ಹೋಗಿ ಎರಡು ಬಟ್ಟಲು ತಂದು ನಮ್ಮನ್ನು ಮೆಟ್ಟಿಲಿನ ಮೇಲೆ ಕೂರಿಸಿದಳು. ಬಟ್ಟಲಿನಲ್ಲಿ ಬೆಳ್ಳಗೆ, ಮೆತ್ತಗೆ, ನಡುಗುವಂಥ ಹಸಿ ತೋಫು.

"ಗಿಣ್ಣು ಕಣಲೇ!" ಅಂತ ಅಜ್ಜನ ಮುಖ ಅರಳಿತು. "ಇವ್ರ ಮನೇಲಿ ಎಮ್ಮೆ ಈದೈತೆ." ಒಂದು ಚಮಚ ಬಾಯಿಗಿಟ್ಟ. ಆಮೇಲೆ ನನ್ನ ಕಿವಿಯಲ್ಲಿ ಹೇಳಿದ: "ಪಾಪ, ಬೆಲ್ಲದ್ ಬದ್ಲು ಉಪ್ಪು ಬಿದ್ದೈತೆ. ಏನೂ ಅನ್ಬ್ಯಾಡ, ತಿಂದ್ಬಿಡು." ತಳ ಕಾಣುವವರೆಗೆ ತಿಂದ.

ನಾನು ಒಂದು ಚಮಚವೂ ತಿನ್ನದೆ ಬಟ್ಟಲು ಕೆಳಗಿಟ್ಟೆ. ಆದರೂ ವಾಪಸ್ ಬರುವ ಬಸ್ಸಿನಲ್ಲಿ ಆ ವಿಡಿಯೋ ಗ್ರೂಪಿಗೆ ಕಳಿಸಿದೆ.

ಸಂಜೆ ಅಕ್ಕ ಕೇಳಿದಳು, "ಗೇಟ್ ನೋಡಿದ್ಯಾ ಅಜ್ಜ?"

"ನೋಡ್ದೆ ಕಣವ್ವ. ಮುಚ್ಚಿತ್ತು. ಆದ್ರೂ ಒಳ್ಳೇ ಜನ."

ಅಕ್ಕ ನನ್ನ ಕಡೆ ನೋಡಿದಳು. ನಾನು ಬ್ಯಾಗು ತುಂಬುತ್ತಿದ್ದೆ, ತುಂಬಿದ್ದನ್ನೇ ತೆಗೆದು ಮತ್ತೆ ತುಂಬಿದೆ.

ಮಾರಿಕಣಿವೆ, ಚಾ ಹೋಟೆಲ್ಲು

ಊರಿಗೆ ಬಂದು ಎರಡು ವಾರ ಆಗಿತ್ತು. ಭಾನುವಾರ ಮಾರಿಕಣಿವೆಗೆ ಹೋಗಿದ್ದೆ. ಅಜ್ಜ ಚಾ ಹೋಟೆಲ್ಲಿನ ಬೆಂಚಿನ ಮೇಲೆ ಕೂತು ಚೀನಾ ಹೇಳುತ್ತಿದ್ದ. ಎದುರಿಗೆ ಅಜ್ಜನ ಹಳೇ ಸ್ನೇಹಿತ ಬಸಣ್ಣ. ಕಾಲುವೆಯ ಕೊನೆಯ ಹೊಲ ಅವನದು. ಇನ್ನೂ ನಾಲ್ಕೈದು ಜನ ಇದ್ದರು. ನಾನು ಮಾಡಿದ ಹಾಗೆ ಅಜ್ಜ ಏನನ್ನೂ ಉಬ್ಬಿಸುತ್ತಿರಲಿಲ್ಲ. ಚಪ್ಪಲಿ ಬಿದ್ದದ್ದನ್ನೂ ಹೇಳಿದ, ಗಿಣ್ಣಿನ ಉಪ್ಪನ್ನೂ ಹೇಳಿದ.

"ಮರದ್ ಗೇಟು. ಅಷ್ಟು ದಪ್ಪ ಹಲ್ಗೆ. ಯಜಮಾನ ಇರ್ಲಿಲ್ಲ, ಅವ್ನ ಹೆಂಡ್ತಿ ಇಸ್ಕಂಡ್ಳು. ಎರಡೂ ಕೈಯಾಗೆ. ಕೇಳ್ರಿ ಬೇಕಾದ್ರೆ, ನನ್ ಮೊಮ್ಮಗ ಇಲ್ಲೇ ಅವ್ನೆ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

"ತಡಿ ಓಬಳಪ್ಪ," ಅಂದ ಬಸಣ್ಣ. "ನನ್ ಮಗನ್ ಸ್ಟೇಟಸ್ಸಾಗೆ ಯಾವ್ದೋ ಬಂದಿತ್ತು. ನೀನೇ ಅನ್ಸ್ತು, ಸರಿಯಾಗ್ ಕಾಣ್ಲಿಲ್ಲ. ನನ್ ಫೋನಿಗೆ ಹಾಕಿಸ್ಕಂಡಿದೀನಿ. ಇದೇನಾ ನೋಡು ನಿನ್ ಗೇಟು?"

ಅವನಿಗೆ ಕಿವಿ ಸ್ವಲ್ಪ ಮಂದ. ಫೋನಿನ ಸದ್ದು ಪೂರ್ತಿ ಇಟ್ಟಿರುತ್ತಾನೆ.

ಅಜ್ಜನ ಬೆನ್ನು ಕಂಡಿತು. ಕುಂಕುಮ ಇಡುವ ಕೈ ಕಂಡಿತು. ಆಮೇಲೆ ನನ್ನ ದನಿ, ಪಿಸುಮಾತು, ಇಡೀ ಹೋಟೆಲ್ಲಿಗೆ ಕೇಳಿಸುವಷ್ಟು ಜೋರಾಗಿ: 'ಲೇ ಹುಡುಗ್ರಾ, ಇದು ಗೇಟಲ್ಲ...'

ಯಾರೋ ಒಬ್ಬ ನಗಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ. ಬಸಣ್ಣ ಸದ್ದು ಕಮ್ಮಿ ಮಾಡ ಹೋಗಿ ವಿಡಿಯೋವನ್ನು ಇನ್ನೊಂದು ಸಲ ಹಾಕಿದ. ಅಜ್ಜ ಎರಡನೆಯ ಸಲವೂ ಪೂರ್ತಿ ನೋಡಿದ.

"ಸುಮ ಹೇಳಿದ್ ಊರು ಇದಲ್ವಾ?" ಅಂತ ನನ್ನನ್ನು ಕೇಳಿದ.

"ಅಲ್ಲ ಅಜ್ಜ. ಅದು ಬ್ಯಾರೆ. ಅಲ್ಲಿ ಗೇಟಿತ್ತು. ನೋಡ್ಕಳೋರೂ ಇದ್ರು."

"ಹೌದಾ." ಫೋನಿನ ಕಡೆಯೇ ನೋಡುತ್ತ, "ಆಯಮ್ಮ ಏನ್ ಅನ್ಕಂಡು ಇಸ್ಕಂಡ್ಳೋ ಏನೋ, ಪಾಪ," ಅಂದ.

ನಾನು ಬೈಗುಳಕ್ಕೆ ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ ಬೇಡಿಕೊಳ್ಳುತ್ತಿದ್ದೆ. ಅಜ್ಜ ನನ್ನ ಕಡೆ ತಿರುಗಲೂ ಇಲ್ಲ, ಬಸಣ್ಣನನ್ನು ಕೇಳಿದ: "ಬಸಣ್ಣ, ನಿನ್ ಹೊಲ ಕೊನೇದು. ನಾನು ಬಿಟ್ಟಿದೀನಿ ಅಂದ್ ಮ್ಯಾಲೆ ನೀರ್ ಬರ್ದೇ ಇದ್ದಿದ್ದು ಐತಾ?"

"ತಡ ಆಗೈತೆ," ಅಂದ ಬಸಣ್ಣ. "ಬರ್ದೇ ಇದ್ದಿದ್ದಿಲ್ಲಪ್ಪ."

ಅಜ್ಜ ಚಾ ಮುಗಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ. ಅಂದಿನಿಂದ ಹೋಟೆಲ್ಲಿನಲ್ಲಿ ಚೀನಾ ಹೇಳುವುದು ನಿಂತುಹೋಯಿತು. ವಿಡಿಯೋ ಅಳಿಸಿದೆ. ಅಳಿಸಿದ್ದು ನನ್ನ ಫೋನಿನಿಂದ ಮಾತ್ರ.

ಅಕ್ಕನಿಗೆ ಎಲ್ಲ ಹೇಳಿದೆ. ಅವಳು ನನಗೆ ಅಂದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಚೀನಾ ಬಿಡುವ ಮುಂಚೆ ಅವಳೇ ಝೌಝುವಾಂಗಿಗೆ ಹೋಗಿ ಆ ಬಾಗಿಲು ಹುಡುಕಿದಳು. ಚಾವಿಗೆ ಕೆಂಪು ದಾರ ಕಟ್ಟಿ ಬಾಗಿಲ ಒಳಗೆ ಮೊಳೆಗೆ ತೂಗುಹಾಕಿದ್ದರಂತೆ. ಅಕ್ಕ ವಿಷಯ ಬಿಡಿಸಿ ಹೇಳಿದಾಗ ಮುದುಕಿ ಇಳಿಸಿ ಕೊಡಲು ಬಂದಳಂತೆ. ಅಕ್ಕ ಅಲ್ಲಿಂದಲೇ ಅಜ್ಜನಿಗೆ ಫೋನು ಮಾಡಿ ತರಲಾ ಅಂತ ಕೇಳಿದಳು.

"ಬ್ಯಾಡ," ಅಂದ ಅಜ್ಜ. "ಆಯಮ್ಮ ಸುಳ್ಳೇಳಿ ಇಸ್ಕಂಡಿಲ್ಲ. ಅಲ್ಲೇ ಇರ್ಲಿ."

ಕಾಲುವೆ ಏರಿ

ಮೊನ್ನೆ ಕಾಲುವೆಗೆ ನೀರು ಬಿಟ್ಟರು. ರಿಟೈರಾಗಿದ್ದರೂ ಆ ದಿನ ಅಜ್ಜ ಗೇಟಿನ ಹತ್ತಿರ ಇರುತ್ತಾನೆ. ನಾನೂ ಹೋದೆ. ಅಜ್ಜ ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಏರಿ ಹತ್ತುವಾಗ ನಾನು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಅಜ್ಜ ಒಮ್ಮೆ ನೋಡಿ ಮುಂದೆ ನಡೆದ.

ಗೇಟಿಗೆ ಕುಂಕುಮ ಇಟ್ಟು, ಹೂ ಏರಿಸಿ, ಹೊಸ ನೀರಗಂಟಿ ಚಕ್ರಕ್ಕೆ ಕೈ ಹಾಕಿದ. ಅಷ್ಟರಲ್ಲಿ ಅಜ್ಜನ ಫೋನು ಹೊಡೆಯಿತು. ಅಜ್ಜನ ಕೈಯಲ್ಲಿ ಕಾಯಿ, ಕರ್ಪೂರ. ಫೋನನ್ನು ನನ್ನ ಕಡೆ ಚಾಚಿದ.

ಬಸಣ್ಣ. "ಓಬಳಪ್ಪ, ಬಿಟ್ರಾ?"

"ನಾನು ಕಿರಣ, ಬಸಣ್ಣಜ್ಜ. ಇನ್ನೂ ಬಿಟ್ಟಿಲ್ಲ. ಈಗ ತಿರುವ್ತಾ ಅವ್ರೆ. ಇರು."

ಚಕ್ರ ತಿರುಗಿತು. ಮೊದಲು ಬರೀ ಗಾಳಿಯ ಸದ್ದು. ಆಮೇಲೆ ಗೇಟಿನ ಕೆಳಗೆ ಕೆಸರು ಬಣ್ಣದ ನೊರೆ, ಆಮೇಲೆ ನೀರು. ನಾನು ಆತುರಪಡಲಿಲ್ಲ. ಬಗ್ಗಿ ನೋಡಿದೆ. ನೀರು ಕಾಲುವೆಯ ತಳವನ್ನು ಪೂರ್ತಿ ತುಂಬಿಕೊಂಡು ಮೊದಲನೆಯ ತಿರುವು ದಾಟಿ ಹೋಗುವವರೆಗೆ ಕಾದೆ. ಆ ಗಳಿಗೆಯಲ್ಲಿ ನನ್ನ ಹತ್ತಿರ ಉಬ್ಬಿಸಲು ಏನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಬಿಟ್ರು ಬಸಣ್ಣಜ್ಜ," ಅಂದೆ. "ನೀರ್ ಬರ್ತಾ ಐತೆ."



"ನಿಮ್ಮಜ್ಜುನ್ ಕೈಗ್ ಕೊಡಪ್ಪ ಫೋನು, ಅವ್ನೇ ಹೇಳ್ಲಿ," ಅಂದ ಬಸಣ್ಣ.